ಈಜುಕೊಳದ ಹಠಮಾರಿ ಪಾಚಿ

ಮನೆಯ ಈಜುಕೊಳದಲ್ಲಿ ಎಷ್ಟು ತಿಕ್ಕಿ ತೊಳೆದರೂ ಮರಳಿ ಬರುವ ಪಾಚಿ ಒಂದೇ ಬಗೆಯದಲ್ಲ. ಹಸಿರು ಪಾಚಿ ನೀರಿನಲ್ಲಿ ತೇಲುತ್ತದೆ, ಹಳದಿ ಪಾಚಿ ನೆರಳಿನ ಗೋಡೆ ಹಿಡಿದು ಕೂರುತ್ತದೆ, ಕಪ್ಪು ಪಾಚಿ ಸಿಮೆಂಟಿನ ಸಂದಿಗೆ ಇಳಿಯುತ್ತದೆ. ಯಾವುದೆಂದು ಗುರುತಿಸದೆ ಔಷಧ ಸುರಿದರೆ ಹಣ ಹೋಗುತ್ತದೆ, ಪಾಚಿ ಉಳಿಯುತ್ತದೆ.

ಕುಂಬಳೆ ಮತ್ತು ಉಪ್ಪಳದ ನಡುವೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿರುವ ಬಂದ್ಯೋಡಿನಂಥ ಕರಾವಳಿ ಊರಿನಲ್ಲಿ ಪಾಚಿಗೆ ವರ್ಷವಿಡೀ ಸುಗ್ಗಿ. ನೀರು ಎಂದೂ ತಣ್ಣಗಾಗುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸರಾಸರಿ ಒಂದೂವರೆ ಮೀಟರ್ ಆಳದ ಕೊಳಕ್ಕೆ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಅದರೊಳಗಿನ ಕ್ಲೋರಿನ್ ಹದಿನೈದರಲ್ಲಿ ಒಂದು ಪಾಲಿನಷ್ಟು ತೆಳುವಾಗುತ್ತದೆ. ಜೊತೆಗೆ ಕೆಮ್ಮಣ್ಣು, ತೆಂಗಿನ ಹಿಂಗಾರದ ಪುಡಿ, ಕೊಳೆತ ಎಲೆ ಎಲ್ಲವೂ ಬಂದು ಸೇರಿ ಇದ್ದ ಕ್ಲೋರಿನನ್ನೂ ತಿಂದು ಹಾಕುತ್ತವೆ. ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಆಮ್ಲೀಯ, ಸುಣ್ಣದ ಅಂಶವೂ ಕಡಿಮೆ. ಅಂಥ ನೀರನ್ನು ಸರಿಪಡಿಸದೆ ಕೊಳಕ್ಕೆ ತುಂಬಿದರೆ ಅದು ಟೈಲ್ಸ್ ಸಂದಿನ ಗ್ರೌಟನ್ನು ಮೆಲ್ಲಗೆ ಕರಗಿಸುತ್ತಾ ಹೋಗುತ್ತದೆ. ಕಪ್ಪು ಪಾಚಿಗೆ ಬೇಕಾದ ಒರಟು ಜಾಗ ಹೀಗೆ ತಯಾರಾಗುತ್ತದೆ.

ನೀರು ಹಸಿರಾದ ಮಾತ್ರಕ್ಕೆ ಪಾಚಿ ಎನ್ನುವಂತಿಲ್ಲ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವಿದ್ದರೆ ಕ್ಲೋರಿನ್ ಬಿದ್ದ ಕೆಲವೇ ಗಂಟೆಗಳಲ್ಲಿ ಅದು ಹಸಿರಿಗೋ ಕಂದಿಗೋ ತಿರುಗುತ್ತದೆ. ಒಂದು ಬಿಳಿ ಬಕೆಟ್ ತುಂಬ ನೀರು ತೆಗೆದು ಬೆಳಕಿಗೆ ಇಟ್ಟು ನೋಡಬೇಕು. ಬಣ್ಣವಿದ್ದೂ ತಳ ಸ್ಪಷ್ಟವಾಗಿ ಕಂಡರೆ ಹೆಚ್ಚಾಗಿ ಲೋಹ, ಮಬ್ಬಾಗಿದ್ದರೆ ಪಾಚಿ. ಗೋಡೆಯ ಕಲೆಗೂ ಪರೀಕ್ಷೆ ಇದೆ. ವಿಟಮಿನ್ ಸಿ ಮಾತ್ರೆಯೊಂದನ್ನು ಕಲೆಯ ಮೇಲೆ ಒತ್ತಿ ಹಿಡಿದಾಗ ಅದು ಮಾಸಿದರೆ ಕಬ್ಬಿಣದ ಕಲೆ. ಅದಕ್ಕೆ ಕ್ಲೋರಿನ್ ಹೆಚ್ಚಿಸಿದಷ್ಟೂ ಕೆಡುಕೇ.

ಹಳದಿ ಪಾಚಿ ಮರಳೋ ಪರಾಗವೋ ಎಂಬ ಭ್ರಮೆ ಹುಟ್ಟಿಸುತ್ತದೆ. ಬ್ರಷ್ ಆಡಿಸಿದರೆ ಸುಲಭವಾಗಿ ಎದ್ದು ಮೋಡದಂತೆ ಹರಡುತ್ತದೆ, ಮರುದಿನ ಅದೇ ಗೋಡೆಗೆ ಬಂದು ಕೂತಿರುತ್ತದೆ. ಪರಾಗವಾದರೆ ಹೀಗೆ ಜಾಗ ಹಿಡಿದು ಮರಳುವುದಿಲ್ಲ. ಬಿಸಿಲು ಕಡಿಮೆ ಬೀಳುವ ಬದಿ, ಏಣಿಯ ಹಿಂಭಾಗ, ದೀಪದ ಗೂಡು ಇದರ ನೆಲೆ. ಸಾಮಾನ್ಯ ಮಟ್ಟದ ಕ್ಲೋರಿನನ್ನು ಇದು ತಡೆದುಕೊಳ್ಳುತ್ತದೆ; ಬ್ರಷ್, ಈಜುಡುಪು, ಮಕ್ಕಳ ಆಟಿಕೆಗಳಲ್ಲೂ ಉಳಿದುಕೊಂಡು ಮರಳಿ ಕೊಳಕ್ಕಿಳಿಯುತ್ತದೆ. ಕಪ್ಪು ಪಾಚಿ ನಿಜಕ್ಕೆ ಪಾಚಿಯೇ ಅಲ್ಲ, ಸೈನೊಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿ. ಸಿಮೆಂಟಿನ ಸಣ್ಣ ರಂಧ್ರಗಳೊಳಗೆ ಇಳಿದು, ಮೇಲೆ ಲೋಳೆಯ ಪದರ ಹೊದ್ದು, ಬಟಾಣಿ ಗಾತ್ರದ ಗಟ್ಟಿ ಚುಕ್ಕೆಗಳಾಗಿ ಬೆಳೆಯುತ್ತದೆ. ಮೆತ್ತನೆಯ ಬ್ರಷ್‌ಗೆ ಅದು ಜಗ್ಗುವುದಿಲ್ಲ.

ಅಡಿಕೆ ಬೆಳೆಯುವ ಈ ನಾಡಿನಲ್ಲಿ ಪಾಚಿ ಕಂಡೊಡನೆ ಕೈ ಹೋಗುವುದು ಮೈಲುತುತ್ತಿನ ಕಡೆಗೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಮನೆಗಳಲ್ಲಿ ಅದು ಸದಾ ಇರುವ ವಸ್ತು. 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲರ್ಮನ್ ಜಲಾಶಯಗಳ ಪಾಚಿಗೆ ಮೈಲುತುತ್ತು ಮದ್ದಾಗುತ್ತದೆ ಎಂದು ತೋರಿಸಿಕೊಟ್ಟಿದ್ದರು. ಪಾಚಿಯನ್ನು ಅದು ಕೊಲ್ಲುವುದು ಸತ್ಯ. ಆದರೆ ಈಜುಕೊಳದಲ್ಲಿ ಅದರ ತಾಮ್ರ ನೀರಿನಲ್ಲೇ ಉಳಿಯುತ್ತದೆ, ಪಿಎಚ್ ಏರಿದಾಗ ಗೋಡೆಗೆ ನೀಲಿ-ಹಸಿರು ಕಲೆಯಾಗಿ ಕೂರುತ್ತದೆ, ನರೆತ ಕೂದಲಿಗೂ ಹಸಿರು ಬಣ್ಣ ಹಿಡಿಸುತ್ತದೆ. ಆ ನೀರನ್ನು ತೋಡಿಗೆ ಬಿಟ್ಟರೆ ಮೀನು ಸಾಯುತ್ತವೆ. ರೋಗಾಣುಗಳ ವಿಷಯದಲ್ಲಿ ಅದು ಕ್ಲೋರಿನ್‌ಗೆ ಸಾಟಿಯಲ್ಲ. ತೋಟದ ಮದ್ದು ತೋಟಕ್ಕೇ ಇರಲಿ.

ಪಾಚಿ ಹಠ ಹಿಡಿಯಲು ಮುಖ್ಯ ಕಾರಣ ಕ್ಲೋರಿನ್ ಇದ್ದೂ ಕೆಲಸ ಮಾಡದಿರುವುದು. ಪಿಎಚ್ 7.5 ಇದ್ದಾಗ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಕೊಲ್ಲುವ ರೂಪದಲ್ಲಿರುತ್ತದೆ, 8 ಆದಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಸಯನೂರಿಕ್ ಆಮ್ಲ. ಅಂಗಡಿಯಲ್ಲಿ ಟಿಸಿಸಿಎ ಹೆಸರಿನಲ್ಲಿ ಸಿಗುವ ಮಾತ್ರೆಗಳಲ್ಲಿ ಕ್ಲೋರಿನ್ ಜೊತೆಗೆ ಇದೂ ಇರುತ್ತದೆ. ಬಿಸಿಲಿಗೆ ಕ್ಲೋರಿನ್ ನಾಶವಾಗದಂತೆ ಕಾಯುವ ಇದು ಅತಿಯಾದಾಗ ಕ್ಲೋರಿನ್‌ನ ಕೈಯನ್ನೇ ಕಟ್ಟುತ್ತದೆ. ಮಾತ್ರೆಯಿಂದ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಕ್ಲೋರಿನ್ ಸೇರಿದಾಗ ಸುಮಾರು 6 ಪಿಪಿಎಂ ಸಯನೂರಿಕ್ ಆಮ್ಲವೂ ಸೇರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಆಮ್ಲ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ಕೊಳ ತುಂಬಿ ಹರಿದಾಗ ಅದು ತಾನಾಗಿ ಇಳಿಯುತ್ತದೆ; ಇಡೀ ಬೇಸಗೆ ಮಾತ್ರೆಯನ್ನೇ ನಂಬಿದ ಕೊಳದಲ್ಲಿ ಮೇ ತಿಂಗಳ ಹೊತ್ತಿಗೆ ಅತಿ ಹೆಚ್ಚಾಗಿರುತ್ತದೆ. 30ರಿಂದ 50 ಪಿಪಿಎಂ ಒಳಗಿರುವುದು ಕ್ಷೇಮ. ಹೆಚ್ಚಿದ್ದರೆ ಒಂದಷ್ಟು ನೀರು ತೆಗೆದು ಹೊಸ ನೀರು ಬಿಡುವುದೇ ನೇರ ದಾರಿ.

ಅಳೆಯುವ ಕಿಟ್‌ನಲ್ಲೂ ಮೋಸ ಹೋಗುವ ಸಾಧ್ಯತೆ ಇದೆ. ಹನಿ ಹಾಕಿದರೆ ಹಳದಿಯಾಗುವ ಅಗ್ಗದ ಕಿಟ್ ಕೆಲಸ ಮುಗಿಸಿದ ಕ್ಲೋರಿನನ್ನೂ ಸೇರಿಸಿ ತೋರಿಸುತ್ತದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಇನ್ನೂ ಕೆಲಸ ಮಾಡಬಲ್ಲ ಮುಕ್ತ ಕ್ಲೋರಿನನ್ನು ಬೇರೆಯಾಗಿ ತೋರಿಸುತ್ತದೆ. ಕ್ಲೋರಿನ್ ತೀರಾ ಹೆಚ್ಚಿದ್ದಾಗ ಮಾತ್ರ ಗುಲಾಬಿ ಬಣ್ಣವೇ ಮಾಸಿ ಸೊನ್ನೆ ಎಂಬಂತೆ ಕಾಣುತ್ತದೆ. ಆಗ ಮಾದರಿಗೆ ಕ್ಲೋರಿನ್ ಇಲ್ಲದ ಶುದ್ಧ ನೀರು ಬೆರೆಸಿ ಅಳೆದು, ಬೆರೆಸಿದಷ್ಟಕ್ಕೆ ಗುಣಿಸಬೇಕು.

ಚಿಕಿತ್ಸೆಗೆ ಸಂಜೆಯೇ ಒಳ್ಳೆಯ ಹೊತ್ತು. ಎಲೆ ಕಸ ತೆಗೆದು, ಪಿಎಚ್ 7.2ರ ಆಸುಪಾಸಿಗೆ ತಂದು, ಗೋಡೆ, ಮೂಲೆ, ಏಣಿಯ ಹಿಂದೆ ಚೆನ್ನಾಗಿ ಬ್ರಷ್ ಮಾಡಿದ ಮೇಲೆ ಕ್ಲೋರಿನ್ ಹಾಕಬೇಕು. ಸಯನೂರಿಕ್ ಆಮ್ಲ 30 ಇರುವ ಕೊಳದಲ್ಲಿ ಹಸಿರು ಪಾಚಿಗೆ ಸುಮಾರು 12 ಪಿಪಿಎಂ, ಹಳದಿಗೆ 18ರ ತನಕ ಮುಕ್ತ ಕ್ಲೋರಿನ್ ಬೇಕು. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 48,000 ಲೀಟರ್ ನೀರಿರುತ್ತದೆ. ಅದರಲ್ಲಿ 10 ಪಿಪಿಎಂ ಏರಿಸಲು 480 ಗ್ರಾಂ ಕ್ಲೋರಿನ್ ಬೇಕು: ಶೇಕಡಾ 10ರ ದ್ರವ ಹೈಪೋಕ್ಲೋರೈಟ್ ಆದರೆ ಐದು ಲೀಟರಿಗೆ ತುಸು ಕಡಿಮೆ, ಶೇಕಡಾ 65ರ ಹರಳಾದರೆ ಮುಕ್ಕಾಲು ಕಿಲೋ. ಬ್ಲೀಚಿಂಗ್ ಪೌಡರ್ ಒಂದೂವರೆ ಕಿಲೋಗಿಂತ ಹೆಚ್ಚು ಬೇಕಾಗುತ್ತದೆ. ಅದನ್ನು ಕದಡಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಹಾಕಬೇಕು. ಪಂಪ್ ಹಗಲು ರಾತ್ರಿ ಓಡುತ್ತಿರಲಿ, ಫಿಲ್ಟರನ್ನು ಆಗಾಗ ಬ್ಯಾಕ್‌ವಾಶ್ ಮಾಡಬೇಕು. ಒಂದೇ ಸಲಕ್ಕೆ ಸುರಿದು ಕೈ ತೊಳೆದುಕೊಳ್ಳುವುದರಿಂದ ಪ್ರಯೋಜನವಿಲ್ಲ. ಇಳಿದಂತೆಲ್ಲ ಮತ್ತೆ ಹಾಕಿ ಮಟ್ಟ ಕಾಯ್ದುಕೊಳ್ಳಬೇಕು. ಸೂರ್ಯ ಮುಳುಗಿದ ಮೇಲೆ ಒಮ್ಮೆ, ಮೂಡುವ ಮೊದಲು ಒಮ್ಮೆ ಅಳೆದಾಗ ವ್ಯತ್ಯಾಸ 1 ಪಿಪಿಎಂ ಮೀರದಿದ್ದರೆ, ನೀರೂ ತಿಳಿಯಾಗಿದ್ದರೆ, ಪಾಚಿ ಸತ್ತಿದೆ ಎಂದು ತಿಳಿಯಬಹುದು.

ಕಪ್ಪು ಪಾಚಿಗೆ ಇಷ್ಟು ಸಾಲದು. ಸಿಮೆಂಟ್ ಗೋಡೆಯಾದರೆ ಸ್ಟೀಲ್ ತಂತಿಯ ಬ್ರಷ್‌ನಿಂದ ಪ್ರತಿ ಚುಕ್ಕೆಯ ಮೇಲ್ಪದರ ಒಡೆದು, ಕ್ಲೋರಿನ್ ಒಳಗಿಳಿಯಲು ದಾರಿ ಮಾಡಿಕೊಡಬೇಕು. ಟೈಲ್ಸ್ ಮಧ್ಯೆ ಗ್ರೌಟ್ ಕರಗಿದ್ದರೆ ಅದನ್ನು ಕೆರೆದು ಹೊಸದಾಗಿ ತುಂಬದೆ ಗತ್ಯಂತರವಿಲ್ಲ.

ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರ್ ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಕ್ಲೋರಿನ್‌ಗೆ ಆಸಿಡ್ ಬೆರೆತರೆ ವಿಷಾನಿಲ ಏಳುತ್ತದೆ. ಒಂದೇ ಅಳತೆ ಪಾತ್ರೆಯನ್ನು ಎರಡಕ್ಕೂ ಬಳಸುವುದೂ ಅಪಾಯ. ರಾಸಾಯನಿಕವನ್ನು ನೀರಿಗೆ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು. ಕ್ಲೋರಿನ್ ಮಾಮೂಲಿ ಮಟ್ಟಕ್ಕೆ ಇಳಿಯುವ ತನಕ ಯಾರೂ ನೀರಿಗಿಳಿಯಕೂಡದು.

ಪಾಚಿ ಕಟ್ಟಿದ ಕೊಳವನ್ನು ಬರೇ ಅಂದಗೇಡು ಎಂದು ಬಿಡುವಂತಿಲ್ಲ. ಕೇರಳದಲ್ಲಿ 2024 ಮತ್ತು 2025ರಲ್ಲಿ ಜನರನ್ನು ಕಂಗೆಡಿಸಿದ ಅಮೀಬಿಕ್ ಮಿದುಳುಜ್ವರಕ್ಕೆ ಕಾರಣವಾಗಬಲ್ಲ ನೇಗ್ಲೇರಿಯ ಅಮೀಬ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ, ಮೂಗಿನ ಮೂಲಕ ಮಿದುಳಿಗೆ ಏರುತ್ತದೆ. ಅದಕ್ಕೆ ಆಹಾರವಾಗುವ ಬ್ಯಾಕ್ಟೀರಿಯಗಳು ಪಾಚಿಯ ಲೋಳೆಯಲ್ಲಿ ಹುಲುಸಾಗಿ ಬೆಳೆಯುತ್ತವೆ. ಕ್ಲೋರಿನ್ ಸರಿಯಾಗಿ ಕೆಲಸ ಮಾಡುವ ನೀರಿನಲ್ಲಿ ಈ ಅಮೀಬ ಉಳಿಯುವುದಿಲ್ಲ.

ಏನು ಮಾಡಿದರೂ ಕಪ್ಪು ಚುಕ್ಕೆ ಹೋಗದಿದ್ದರೆ ಕೊಳ ಬರಿದು ಮಾಡಿ ಗೋಡೆಯನ್ನು ತೆಳು ಆಸಿಡ್‌ನಿಂದ ತೊಳೆಯುವುದು ಕೊನೆಯ ಉಪಾಯ. ಕರಾವಳಿಯಲ್ಲಿ ಅದನ್ನು ಮಳೆಗಾಲದಲ್ಲಿ ಮಾಡಬಾರದು. ಅಂತರ್ಜಲ ನೆಲಮಟ್ಟಕ್ಕೆ ಏರಿರುವಾಗ ಬರಿದಾದ ಕೊಳವನ್ನು ಕೆಳಗಿನ ನೀರು ಮೇಲಕ್ಕೆತ್ತಿ ಬಿರುಕು ಬಿಡಿಸಬಹುದು. ಬಾವಿಯ ನೀರು ಕೆಳಗಿಳಿದಿದ್ದರೂ ಕೊಳ ಮತ್ತೆ ತುಂಬಿಸುವಷ್ಟು ಉಳಿದಿರುವ ಜನವರಿ, ಫೆಬ್ರವರಿ ಇದಕ್ಕೆ ತಕ್ಕ ಕಾಲ.