ದುಂಬಿಯ ಕರೆಯೇ ದುಂಬಿಗೆ ಬಲೆ: ಕೀಟಗಳ ಮಿಲನ ಮತ್ತು ವಿಕಾಸ

ಹಗರೆ: ಬೇಲೂರು ತಾಲ್ಲೂಕಿನ ಹಗರೆಯಿಂದ ಅರಸೀಕೆರೆಯತ್ತ ಸಾಗಿದರೆ ತೆಂಗಿನ ತೋಟಗಳು, ಬೇಲೂರು ದಾಟಿ ಮಲೆನಾಡಿನತ್ತ ಹೊರಟರೆ ಕಾಫಿ ತೋಟಗಳು. ಎರಡೂ ಕಡೆ ಬೆಳೆಗಾರರ ನಿದ್ದೆಗೆಡಿಸುವುದು ಕಾಂಡದೊಳಗೆ ಅಡಗಿ ಕೊರೆಯುವ ಹುಳುಗಳು. ತೆಂಗಿಗೆ ಕೆಂಪುಮೂತಿ ಹುಳು, ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ. ಮರದೊಳಗಿನ ಹುಳುವಿಗೆ ಔಷಧಿ ತಲುಪುವುದು ಕಷ್ಟ. ಅದು ಹೊರಗೆ ಸಿಗುವುದು ಪ್ರೌಢ ದುಂಬಿಯಾಗಿ ಸಂಗಾತಿಯನ್ನೂ ಹೊಸ ಗಿಡವನ್ನೂ ಅರಸಿ ಹೊರಟಾಗ. ಆದ್ದರಿಂದ ಕೀಟಗಳ ಮಿಲನ ವರ್ತನೆ ಕೇವಲ ಕುತೂಹಲದ ವಿಷಯವಲ್ಲ, ತೋಟದ ಉಳಿವಿನ ಪ್ರಶ್ನೆಯೂ ಹೌದು.

ಯಾರು ಕರೆಯಬೇಕು?

ಸಂಗಾತಿಯನ್ನು ಗೆಲ್ಲುವ ಪೈಪೋಟಿಯೇ ಜೀವಿಗಳ ರೂಪ, ವರ್ತನೆಗಳನ್ನು ತಿದ್ದುತ್ತದೆ ಎಂಬ ವಾದವನ್ನು ಚಾರ್ಲ್ಸ್ ಡಾರ್ವಿನ್ 1871ರಲ್ಲಿ ವಿಸ್ತಾರವಾಗಿ ಮಂಡಿಸಿದರು. ಚೆನ್ನಾಗಿ ಕರೆಯಬಲ್ಲ ಕೀಟಕ್ಕೆ ಹೆಚ್ಚು ಸಂತಾನ. ಆ ಗುಣ ಮುಂದಿನ ಪೀಳಿಗೆಗೂ ಹರಿಯುತ್ತದೆ.

ಆದರೆ ಕರೆಯುವವರು ಯಾರು ಎಂಬುದು ಎಲ್ಲೆಡೆ ಒಂದೇ ಅಲ್ಲ. ಚಿಮ್ಮಂಡೆಗಳಲ್ಲಿ ಹಾಡುವುದು ಗಂಡು. ಸದ್ದು ಹಗೆಗಳನ್ನೂ ಸೆಳೆಯುವುದರಿಂದ ಅದು ಅಪಾಯದ ಕೆಲಸ. ಹೆಚ್ಚಿನ ಪತಂಗಗಳಲ್ಲಿ ಹೆಣ್ಣು ಅತ್ಯಲ್ಪ ಗಂಧವನ್ನು ಗಾಳಿಗೆ ಬಿಟ್ಟು ಕುಳಿತಿರುತ್ತದೆ, ಹಾರಾಡಿ ಹುಡುಕುವ ಹೊರೆ ಗಂಡಿನದು. ಇಂತಹ ಗಂಧದ ರಾಸಾಯನಿಕ ಗುರುತು ಮೊದಲು ಸಿಕ್ಕಿದ್ದು ನಮ್ಮ ರೈತರಿಗೆ ಚಿರಪರಿಚಿತವಾದ ರೇಷ್ಮೆ ಪತಂಗದಲ್ಲಿ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ತಂಡ ಸುಮಾರು 5 ಲಕ್ಷ ಪತಂಗಗಳನ್ನು ಬಳಸಿ 1959ರಲ್ಲಿ ಅದನ್ನು ಪ್ರಕಟಿಸಿತು.

ಎಲೆಯೇ ಧ್ವನಿವರ್ಧಕ

ದನಿ ಕ್ಷೀಣವಾದ ಗಂಡಿನ ಗತಿಯೇನು? ಕರ್ನಾಟಕದ ಬಯಲುಸೀಮೆಯಲ್ಲಿಯೂ ಕಾಣಸಿಗುವ ಈಕ್ಯಾಂಥಸ್ ಹೆನ್ರಿ ಎಂಬ ಮರ ಚಿಮ್ಮಂಡೆ ಇದಕ್ಕೆ ಉತ್ತರ ಕಂಡುಕೊಂಡಿದೆ. ಗಂಡು ಎಲೆಯ ನಡುವೆ ತೂತು ಕೊರೆದು, ಅದರಲ್ಲಿ ತಲೆ ತೂರಿಸಿ, ರೆಕ್ಕೆಗಳನ್ನು ಎಲೆಗೆ ಹೊಂದಿಸಿ ಹಾಡುತ್ತದೆ. ಹಾಡಿನ ಸದ್ದು ಹೆಚ್ಚುತ್ತದೆ. ರಿತ್ತಿಕ್ ದೇಬ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಉಪಾಯಕ್ಕೆ ಹೆಚ್ಚಾಗಿ ಮೊರೆಹೋಗುವುದು ಚಿಕ್ಕ ಗಾತ್ರದ ಅಥವಾ ಮೆಲುದನಿಯ ಗಂಡುಗಳು. ಅವುಗಳತ್ತ ಹೆಚ್ಚು ಹೆಣ್ಣುಗಳು ಬರುವುದಷ್ಟೇ ಅಲ್ಲ, ಮಿಲನದ ಅವಧಿಯೂ ಹೆಚ್ಚುತ್ತದೆ.

ಗಂಧದ ಬಲೆ

ಕೆಂಪುಮೂತಿ ಹುಳು ಮತ್ತು ಬಿಳಿ ಕಾಂಡಕೊರಕ ಎರಡರಲ್ಲಿಯೂ ಗಂಧ ಬಿಡುವುದು ಗಂಡು. ಕೆಂಪುಮೂತಿ ಹುಳುವಿನ ಗಂಧ ಗಂಡು, ಹೆಣ್ಣು ಎರಡನ್ನೂ ಸೆಳೆಯುತ್ತದೆ. ಮೊಟ್ಟೆಯಿಡುವ ಹೆಣ್ಣೇ ಸಿಕ್ಕಿಬೀಳುವುದರಿಂದ ರೈತನಿಗೆ ಲಾಭ. ಕೃತಕವಾಗಿ ತಯಾರಿಸಿದ ಗಂಧದ ಜೊತೆ ಬಕೆಟ್ಟಿನಲ್ಲಿ ಹುದುಗುವ ಆಹಾರ ಇಟ್ಟು ತೋಟದಲ್ಲಿ ಮೋಹಕ ಬಲೆ ಕಟ್ಟುವುದು ಇದೇ ತತ್ತ್ವದ ಮೇಲೆ. ಪ್ರತಿ ಜಾತಿಯ ಕರೆ ಬೇರೆಯಾದ್ದರಿಂದ ಜೇನುನೊಣಕ್ಕೆ ಇದರಿಂದ ಅಪಾಯವಿಲ್ಲ.

ಕಾಂಡಕೊರಕ ಹೊರಬಂದು ಹಾರಾಡುವುದು ಮುಖ್ಯವಾಗಿ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ. ಅದಕ್ಕೆ ಮುನ್ನವೇ ಪೀಡಿತ ಗಿಡಗಳನ್ನು ಗುರುತಿಸಿ ಕಿತ್ತು ಸುಡುವುದು, ತೋಟದಲ್ಲಿ ಸಾಕಷ್ಟು ನೆರಳು ಉಳಿಸಿಕೊಳ್ಳುವುದು ಅಗತ್ಯ. ಬಲೆ ಇವುಗಳಿಗೆ ಪೂರಕವೇ ಹೊರತು ಪರ್ಯಾಯವಲ್ಲ.

ವಿಕಾಸವೂ ನಿಲ್ಲುವುದಿಲ್ಲ. ಜಪಾನಿನ ಚಹಾ ತೋಟಗಳಲ್ಲಿ ಒಂದೇ ರಾಸಾಯನಿಕದ ಗಂಧವನ್ನು ವರ್ಷಗಟ್ಟಲೆ ಹರಡಿ ಪತಂಗಗಳ ಮಿಲನವನ್ನು ತಪ್ಪಿಸಲಾಗುತ್ತಿತ್ತು. ಕ್ರಮೇಣ ಆ ಗಂಧಕ್ಕೆ ಮರುಳಾಗದ ಪತಂಗಗಳು ಉಳಿದು ಬೆಳೆದವು. ಹಲವು ಘಟಕಗಳ ಮಿಶ್ರಣ ಬಳಸಿದ ಮೇಲಷ್ಟೇ ಉಪಾಯ ಮತ್ತೆ ಫಲಿಸಿತು. ಕೀಟದ ಕರೆಯನ್ನು ಅನುಕರಿಸುವ ರೈತ, ಆ ಕರೆ ಬದಲಾಗಬಲ್ಲದು ಎಂಬುದನ್ನೂ ಮರೆಯುವಂತಿಲ್ಲ.