ರಿಮೋಟಿನ ಮಾತು ಹಿಡಿಯುವ ಪುಟ್ಟ ಸರ್ಕ್ಯೂಟ್

ಟಿ.ವಿ. ರಿಮೋಟಿನ ಮೇಲೆ ನಲವತ್ತು ಗುಂಡಿಗಳಿರುತ್ತವೆ. ಪಾರ್ಶ್ವವಾಯು ಹೊಡೆದು ಬೆರಳು ಬಿಗಿಯಾದ ಅಬ್ಬಾನಿಗೆ, ಕಣ್ಣು ಮಂಜಾದ ಅಜ್ಜಿಗೆ ಅದರಲ್ಲಿ ಬೇಕಾದ್ದು ಒಂದೇ: ಆನ್ ಮತ್ತು ಆಫ್. ಕಲ್ಯಾಣ್, ಡೊಂಬಿವಲಿಯ ಮನೆಗಳಲ್ಲಿ ಮಕ್ಕಳು ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ವಾಪಸ್ ಬರೋದು ರಾತ್ರಿ. ಅಲ್ಲಿಯವರೆಗೆ ಆ ಗುಂಡಿ ಒತ್ತಿಕೊಡುವವರು ಯಾರು? ಇಂಥವರಿಗೆ ಒಂದೇ ದೊಡ್ಡ ಗುಂಡಿಯ ರಿಮೋಟನ್ನು ನೀವೇ ಮಾಡಿಕೊಡಬಹುದು. ಅದಕ್ಕೆ ಮೊದಲು ಹಳೇ ರಿಮೋಟ್ ಏನು ಹೇಳುತ್ತಿದೆ ಅಂತ ಹಿಡಿದು ಬರೆದುಕೊಳ್ಳಬೇಕು. ಹತ್ತನೇ ಕ್ಲಾಸಿನ ಹುಡುಗನೂ ಮಾಡಬಹುದಾದ ಕೆಲಸ ಇದು.

ರಿಮೋಟ್ ಮಾತಾಡುವುದು ಬೆಳಕಿನಲ್ಲಿ. ಕಣ್ಣಿಗೆ ಬೆಳಕು ಹೊರಗಿನಿಂದ ಬರುತ್ತದೆ, ಕಣ್ಣಿನಿಂದ ಹೊರಡುವುದಿಲ್ಲ ಎಂದು ಹನ್ನೊಂದನೇ ಶತಮಾನದಲ್ಲಿ ಇಬ್ನುಲ್ ಹೈಸಮ್ ತೋರಿಸಿಕೊಟ್ಟರು. ಹೊರಗಿನಿಂದ ಬರುವ ಎಲ್ಲ ಬೆಳಕೂ ನಮಗೆ ಕಾಣುವುದಿಲ್ಲ ಎಂಬುದು ಗೊತ್ತಾದದ್ದು 1800ರಲ್ಲಿ. ವಿಲಿಯಂ ಹರ್ಷೆಲ್ ಪ್ರಿಸಂನಿಂದ ಬಿದ್ದ ಕೆಂಪು ಬಣ್ಣದ ಆಚೆ ಥರ್ಮಾಮೀಟರ್ ಇಟ್ಟಾಗ ಅಲ್ಲಿಯೂ ಪಾದರಸ ಏರಿತ್ತು. ಅದೇ ಇನ್‌ಫ್ರಾರೆಡ್. ನಮ್ಮ ಕಣ್ಣು ಸುಮಾರು 700 ನ್ಯಾನೊಮೀಟರ್‌ವರೆಗೆ ನೋಡುತ್ತದೆ, ರಿಮೋಟಿನ ಬೆಳಕು 940ರ ಸುಮಾರಿನದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ರಿಮೋಟ್ ಹಿಡಿದು ಗುಂಡಿ ಒತ್ತಿ ನೋಡಿ, ಬಹುತೇಕ ಫೋನುಗಳಲ್ಲಿ ನೇರಳೆ ಮಿಣುಕು ಕಾಣುತ್ತದೆ.

ಆದರೆ ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಬಲ್ಬಿನಲ್ಲೂ ಇದೆ. ಇಷ್ಟು ಗದ್ದಲದಲ್ಲಿ ಟಿ.ವಿ. ರಿಮೋಟನ್ನು ಹೇಗೆ ಗುರುತಿಸುತ್ತದೆ? ಮುಂಬಯಿ ಕಡೆಯ ಸ್ಟೇಷನ್‌ಗಳಲ್ಲಿ ಬೂಟ್ ಪಾಲಿಶ್‌ನವರು ಮರದ ಪೆಟ್ಟಿಗೆಗೆ ಬ್ರಶ್ಶಿನಿಂದ ಟಕ್ ಟಕ್ ಅಂತ ಹೊಡೆಯುವುದನ್ನು ಕೇಳಿದ್ದೀರಲ್ಲ. ಎಷ್ಟು ಜನಜಂಗುಳಿ ಇದ್ದರೂ ಆ ತಾಳ ಬೇರೆಯಾಗಿ ಕೇಳುತ್ತದೆ. ರಿಮೋಟ್ ಮಾಡುವುದೂ ಅದನ್ನೇ. ಅದರ ಬೆಳಕು ಸೆಕೆಂಡಿಗೆ ಸಾಮಾನ್ಯವಾಗಿ 38,000 ಸಲ ಮಿನುಗುತ್ತದೆ. ಟಿ.ವಿ. ಆ ತಾಳಕ್ಕೆ ಮಾತ್ರ ಕಿವಿಗೊಡುತ್ತದೆ.

ನಮಗೂ ಅಂಥ ಒಂದು ಕಿವಿ ಬೇಕು. ಟಿಎಸ್‌ಒಪಿ 1738 ಅಥವಾ ವಿಎಸ್ 1838ಬಿ ಎಂಬ ಮೂರು ಕಾಲಿನ ಕರೀ ಬಿಡಿಭಾಗ ತನ್ನಿ. ಹತ್ತಿರದಲ್ಲಿ ಸಿಗದಿದ್ದರೆ ದಾದರಿನಲ್ಲಿ ವೆಸ್ಟರ್ನ್ ಲೈನಿಗೆ ಬದಲಾಗಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. ಇಲ್ಲಿ ಒಂದು ಎಚ್ಚರ. ಗುಮ್ಮಟದ ಮುಖ ನಿಮ್ಮ ಕಡೆ ತಿರುಗಿಸಿ ಹಿಡಿದರೆ 1738ರಲ್ಲಿ ಎಡದಿಂದ ಗ್ರೌಂಡ್, 5 ವೋಲ್ಟ್, ಔಟ್‌ಪುಟ್. 1838ಬಿಯಲ್ಲಿ ಔಟ್‌ಪುಟ್, ಗ್ರೌಂಡ್, ವೋಲ್ಟ್. ನೋಡಲು ಒಂದೇ ಥರ, ಕಾಲುಗಳ ಕ್ರಮ ಬೇರೆ. ಉಲ್ಟಾ ಕೊಟ್ಟರೆ ಸುಟ್ಟು ಹೋಗುತ್ತದೆ.

ವೋಲ್ಟ್ ಕಾಲಿಗೆ 100 ಓಮ್ ರೆಸಿಸ್ಟರ್ ಮೂಲಕ 5 ವೋಲ್ಟ್ ಕೊಡಿ. ಅದೇ ಕಾಲು ಮತ್ತು ಗ್ರೌಂಡಿನ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ, ಚಾರ್ಜರಿನ ಗಲಾಟೆಯನ್ನು ಅದು ತಡೆಯುತ್ತದೆ. 5 ವೋಲ್ಟ್‌ನಿಂದ ಔಟ್‌ಪುಟ್‌ಗೆ 1 ಕಿಲೋಓಮ್ ಜೊತೆ ಒಂದು ಕೆಂಪು ಎಲ್‌ಇಡಿ. ರಿಮೋಟ್ ಒತ್ತಿ. ಎಲ್‌ಇಡಿ ಮಿನುಗಿದರೆ ನಿಮ್ಮ ಕಿವಿ ಕೇಳುತ್ತಿದೆ ಎಂದರ್ಥ. ಸಿಗ್ನಲ್ ಬಂದಾಗ ಔಟ್‌ಪುಟ್ ಕೆಳಗಿಳಿಯುತ್ತದೆ, ಅದಕ್ಕೇ ಎಲ್‌ಇಡಿಯನ್ನು ಮೇಲಿನಿಂದ ಕೊಟ್ಟದ್ದು.

ಕೇಳಿದ್ದನ್ನು ಬರೆದುಕೊಳ್ಳಲು ಆರ್ಡುಯಿನೊ ಊನೊ ಸಾಕು. ಎಲ್‌ಇಡಿ ತೆಗೆದು ಔಟ್‌ಪುಟ್ಟನ್ನು 2ನೇ ಪಿನ್‌ಗೆ ಜೋಡಿಸಿ. ಕೆನ್ ಶಿರಿಫ್ ಶುರು ಮಾಡಿದ ಐಆರ್‌ರಿಮೋಟ್ ಲೈಬ್ರರಿ ಉಚಿತ. ಅದರ ಜೊತೆಗೇ ಬರುವ ರಿಸೀವ್‌ಡಂಪ್ ಉದಾಹರಣೆ ಓಡಿಸಿದರೆ ಪ್ರತಿ ಗುಂಡಿಯ ಅಳತೆಗಳು ಪರದೆಯ ಮೇಲೆ ಬೀಳುತ್ತವೆ.

ಬಹಳ ಟಿ.ವಿ.ಗಳದ್ದು ಎನ್‌ಇಸಿ ಭಾಷೆ. ಮೊದಲು 9 ಮಿಲಿಸೆಕೆಂಡ್ ಮಿನುಗು, 4.5 ಮಿಲಿಸೆಕೆಂಡ್ ಮೌನ. ಇದು ಸಲಾಂ ಹೇಳಿದ ಹಾಗೆ. ಆಮೇಲೆ 32 ಬಿಟ್‌ಗಳು. ಮಿನುಗು ಎಲ್ಲದಕ್ಕೂ ಒಂದೇ, ಅರ್ಧ ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ವ್ಯತ್ಯಾಸ ಇರೋದು ಮೌನದಲ್ಲಿ: ಮೌನ ಗಿಡ್ಡವಿದ್ದರೆ ಸೊನ್ನೆ, ಅದರ ಮೂರು ಪಟ್ಟು ಉದ್ದವಿದ್ದರೆ ಒಂದು. ಯಾವ ಯಂತ್ರಕ್ಕೆ, ಏನು ಆಜ್ಞೆ ಎಂಬ ಎರಡೂ ಮಾತನ್ನು ಒಮ್ಮೆ ನೇರವಾಗಿ, ಒಮ್ಮೆ ತಿರುಗಿಸಿ ಹೇಳುತ್ತದೆ. ಎರಡೂ ತಾಳೆಯಾಗದಿದ್ದರೆ ಟಿ.ವಿ. ಅದನ್ನು ನಂಬುವುದಿಲ್ಲ.

ಎ.ಸಿ. ರಿಮೋಟ್ ಹಿಡಿಯಲು ಹೋದವರು ತಬ್ಬಿಬ್ಬಾಗುವುದುಂಟು. ಅದು 'ಒಂದು ಡಿಗ್ರಿ ಏರಿಸು' ಅನ್ನುವುದಿಲ್ಲ. ಪ್ರತಿ ಸಲವೂ ಉಷ್ಣತೆ, ಫ್ಯಾನ್, ಮೋಡ್ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಸಂದೇಶ ಉದ್ದ, ಹಾಗಾಗಿ ಲೈಬ್ರರಿಯ ಬಫರ್ ದೊಡ್ಡದು ಮಾಡಬೇಕು. ನಿಮಗೆ ಬೇಕಾದ ಸ್ಥಿತಿ, ಉದಾಹರಣೆಗೆ 26 ಡಿಗ್ರಿ, ಇಟ್ಟುಕೊಂಡು ಇಡೀ ಸಂದೇಶ ಹಿಡಿಯಿರಿ.

ಒಂದೇ ಮಾದರಿಯ ಟಿ.ವಿ.ಗಳಿಗೆ ಒಂದೇ ಕೋಡ್, ಬೀಗವಿಲ್ಲ. ಚಾಳಿನ ಎದುರುಬದುರು ಬಾಗಿಲುಗಳಲ್ಲಿ ಪಕ್ಕದವರ ಟಿ.ವಿ. ಆರಿಸುವ ತಮಾಷೆ ಹುಡುಗರಿಗೆ ಹೊಳೆಯದೇ ಇರದು. ಅದು ಬೇಡ ಅಂತ ಮೊದಲೇ ಹೇಳಿಬಿಡಿ.

ಇನ್ನು ವಾಪಸ್ ಕಳಿಸುವುದು. 3ನೇ ಪಿನ್‌ನಿಂದ 1 ಕಿಲೋಓಮ್ ಮೂಲಕ 2ಎನ್2222 ಟ್ರಾನ್ಸಿಸ್ಟರಿನ ಬೇಸ್‌ಗೆ, ಎಮಿಟರ್ ಗ್ರೌಂಡಿಗೆ. ಕಲೆಕ್ಟರಿಗೆ ಇನ್‌ಫ್ರಾರೆಡ್ ಎಲ್‌ಇಡಿಯನ್ನು 47 ಓಮ್ ಜೊತೆ 5 ವೋಲ್ಟ್‌ನಿಂದ ಕೊಡಿ. ಗುಂಡಿಗೆ ಹೊಸ ಕಾಲಿಂಗ್ ಬೆಲ್ ಸ್ವಿಚ್ ಕೊಳ್ಳಿ, ಗೋಡೆಯ ಕರೆಂಟಿಗೆ ಅದರ ಸಂಬಂಧವೇ ಇರಬಾರದು. ಅದರ ಒಂದು ತಂತಿ ಗ್ರೌಂಡಿಗೆ, ಇನ್ನೊಂದು 4ನೇ ಪಿನ್‌ಗೆ, ಆ ಪಿನ್‌ನಿಂದ 5 ವೋಲ್ಟ್‌ಗೆ 4.7 ಕಿಲೋಓಮ್. ಗುಂಡಿ ಒತ್ತಿದಾಗ ಹಿಡಿದ ಕೋಡನ್ನು ಒಂದು ಸಲ ಕಳಿಸುವ ನಾಲ್ಕು ಸಾಲು ಪ್ರೋಗ್ರಾಂ ಸಾಕು. ಕೈ ನಡುಗುವವರು ಎರಡು ಸಲ ಒತ್ತಿಬಿಡುತ್ತಾರೆ, ಟಿ.ವಿ. ಹತ್ತಿ ಆರಿಹೋಗುತ್ತದೆ. ಹಾಗಾಗಿ ಒಮ್ಮೆ ಒತ್ತಿದ ಮೇಲೆ ಮೂರು ಸೆಕೆಂಡ್ ಗುಂಡಿ ಕೇಳಿಸಿಕೊಳ್ಳದ ಹಾಗೆ ಬರೆಯಿರಿ. ಬೋರ್ಡಿಗೆ ಹಳೇ ಮೊಬೈಲ್ ಚಾರ್ಜರ್ ಆಗುತ್ತದೆ. ಬೋರ್ಡು, ಎಲ್‌ಇಡಿ ಟಿ.ವಿ. ಹತ್ತಿರವೇ ಇರಲಿ; ಉದ್ದ ತಂತಿಯ ತುದಿಯ ಗುಂಡಿಯನ್ನು ಮಂಚಕ್ಕೆ ಬಿಗಿಯಿರಿ, ಯಾವ ಕೈ ಆಡುತ್ತದೋ ಆ ಬದಿಗೆ.