ನಾಟಿ ಮುಗಿದ ಸಂಜೆ ಸೊಂಟಕ್ಕೇನು ಮಾಡಬೇಕು?

ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಶ್ರೀರಂಗಪಟ್ಟಣ, ಪಾಂಡವಪುರದ ಬಯಲಿನಲ್ಲಿ ನಾಟಿ ಶುರು. ಆ ದಿನಗಳಲ್ಲಿ ಯಾವ ಊರಿನ ಜಗಲಿ ಮೇಲೆ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಸ್ವಂಟ ಹಿಡ್ಕಬುಟ್ಟದೆ ಕಣಕ್ಕ.’ ನಾಗಮಂಗಲದ ಕಡೆ ಈ ಮಾತು ರಾಗಿ ಕುಯ್ಲಿಗೆ ಬರುತ್ತದೆ, ಕೆ.ಆರ್. ಪೇಟೆಯಲ್ಲಿ ಕಬ್ಬು ಕಡಿಯುವ ಹೊತ್ತಿಗೆ.

ನಾಟಿ ಹಾಕುವವಳನ್ನು ಹತ್ತಿರದಿಂದ ನೋಡಿ. ಎಡಗೈಲಿ ಪೈರಿನ ಕಟ್ಟು, ಬಲಗೈ ಹೆಬ್ಬೆರಳಿನಿಂದ ಎರಡು ಮೂರು ಎಸಳು ಕೆಸರಿಗೆ ಒತ್ತು, ಒಂದು ಹೆಜ್ಜೆ ಹಿಂದಕ್ಕೆ, ಮತ್ತೆ ಒತ್ತು. ಸೊಂಟ ಮಾತ್ರ ಬಗ್ಗಿದ್ದು ಬಗ್ಗಿದಂತೆಯೇ. ಹೀಗೆ ಗಂಟೆಗಟ್ಟಲೆ ಬಗ್ಗಿದಾಗ ಬೆನ್ನೆಲುಬಿನ ನಡುವಿನ ಮೆತ್ತೆ, ಅಂದರೆ ಡಿಸ್ಕು, ಮುಂಭಾಗದಲ್ಲಿ ಅದುಮಿಕೊಂಡು ಹಿಂದಕ್ಕೆ ಒತ್ತುತ್ತದೆ. ಬೆನ್ನ ಹಿಂದಿನ ಸ್ನಾಯುಗಳು ಎಳೆದುಕೊಂಡೇ ಇರುತ್ತವೆ. ‘ದಿನಾ ಗದ್ದೇಲಿ ಗೇಯ್ತೀವಿ, ನಮಗ್ಯಾಕೆ ಯೋಗ?’ ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಗೇಯ್ಮೆಯೆಲ್ಲ ಮೈಯನ್ನು ಮುಂದಕ್ಕೇ ಬಗ್ಗಿಸುತ್ತದೆ. ಹಿಂದಕ್ಕೆ ಬಾಗಿಸುವ ಕೆಲಸ ಯಾವುದೂ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ಅದಕ್ಕೆ ಮನೆಗೆ ಬರುವವರೆಗೂ ಕಾಯಬೇಕಿಲ್ಲ. ಅರ್ಧ ಗಂಟೆಗೊಮ್ಮೆ ಬದುವಿನ ಮೇಲೆ ನಿಂತು, ಎರಡೂ ಅಂಗೈ ಸೊಂಟದ ಹಿಂದಿಟ್ಟು, ನಿಧಾನಕ್ಕೆ ಐದಾರು ಸಲ ಹಿಂದಕ್ಕೆ ಬಾಗಿದರೆ ಸಾಕು.

ಸಂಜೆ ಬಿಸಿನೀರು ಹುಯ್ದುಕೊಂಡ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ. ಒಂದು ಮೊಣಕಾಲನ್ನು ಎದೆಯತ್ತ ಎಳೆದು ಇಪ್ಪತ್ತು ಎಣಿಸಿ, ಬಿಡಿ, ಇನ್ನೊಂದು ಕಾಲು. ಆಮೇಲೆ ಎರಡೂ ಕಾಲು ಮಡಿಸಿ, ಪಾದ ನೆಲಕ್ಕೂರಿ, ಸೊಂಟವನ್ನು ಮೆಲ್ಲಗೆ ಮೇಲೆತ್ತಿ ಇಳಿಸಿ. ಕೊನೆಗೆ ಮಂಡಿ, ಅಂಗೈ ಊರಿ ಬೆಕ್ಕಿನ ಹಾಗೆ ಬೆನ್ನನ್ನು ಉಬ್ಬಿಸಿ ತಗ್ಗಿಸಿ. ಉಸಿರು ಕಟ್ಟಬಾರದು. ನೋವು ಕಾಲಿಗೆ ಇಳಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿ.

ಇದಕ್ಕೆಲ್ಲ ಹಿಡಿಯುವುದು ಕಾಲು ಗಂಟೆ. ಆ ಕಾಲು ಗಂಟೆಯೇ ಅವಳಿಗೆ ಸಿಗುವುದಿಲ್ಲ ಎನ್ನುವುದು ನನ್ನ ಸಂಕಟ. ಗದ್ದೆಯಿಂದ ಹುಲ್ಲಿನ ಹೊರೆ ಹೊತ್ತು ಬಂದವಳೇ ಹಸು ಕರೆಯಬೇಕು, ಡೈರಿಗೆ ಹಾಲು ಹಾಕಬೇಕು, ಮುದ್ದೆ ತೊಳಸಬೇಕು. ಡೈರಿಗೆ ಹೋಗುವ ಕೆಲಸವನ್ನಾದರೂ ಗಂಡನೋ ಮಗನೋ ವಹಿಸಿಕೊಳ್ಳಲಿ. ಇನ್ನೊಂದು, ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿ ಉಬ್ಬಿರುತ್ತದೆ. ಆದ್ದರಿಂದ ಎದ್ದ ತಕ್ಷಣ ಬಗ್ಗಿ ಸಗಣಿ ಬಾಚುವುದು ಬೇಡ, ಅರ್ಧ ಗಂಟೆ ಓಡಾಡಿದ ಮೇಲೆ ಮಾಡಿದರಾಯಿತು.

ಮನೆಮದ್ದಿನಲ್ಲಿ ನಾನು ಮೊದಲು ಹೇಳುವುದು ಶಾಖ. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಮಣಿಕಟ್ಟಿಗೆ ತಾಗಿಸಿ ಬಿಸಿ ನೋಡಿಕೊಂಡು ಸೊಂಟಕ್ಕೆ ಕೊಡಬಹುದು. ಸಕ್ಕರೆ ಕಾಯಿಲೆಯಿಂದ ಚರ್ಮ ಮರಗಟ್ಟಿದವರಿಗೆ ಬಿಸಿ ಗೊತ್ತಾಗದೆ ಸುಟ್ಟೀತು, ಬೇರೆಯವರು ಮುಟ್ಟಿ ನೋಡಿ ಕೊಡಲಿ. ಲಕ್ಕಿ ಸೊಪ್ಪು ಕುದಿಸಿದ ನೀರಿನ ಸ್ನಾನ, ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಹರಳಿನ ಎಣ್ಣೆ ನೀವುವುದು ಹಿತವೇ. ಎಣ್ಣೆ ಡಿಸ್ಕಿನವರೆಗೆ ಇಳಿಯುವುದಿಲ್ಲ. ಬಿಗಿದ ಸ್ನಾಯು ಸಡಿಲವಾಗುವುದು ಬಿಸಿಯಿಂದ, ನೀವುವ ಕೈಯಿಂದ.

ಆದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಹೋಗುತ್ತದೆಂಬ ನಂಬಿಕೆಗೆ ಬೆನ್ನು ಕೊಡಬೇಡಿ, ಕೈಮುಗಿದು ಕೇಳುತ್ತೇನೆ. ಸವೆದ ಮೂಳೆಯಾದರೆ ಮುರಿದೇ ಹೋದೀತು. ನಾಳೆಯ ಕೂಲಿ ತಪ್ಪಬಾರದೆಂದು ದಿನವೂ ನೋವಿನ ಮಾತ್ರೆ ನುಂಗುವುದು, ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಹಾಗೆಂದು ವಾರಗಟ್ಟಲೆ ಮಲಗುವುದೂ ತಪ್ಪು, ಸ್ನಾಯು ಸೋಲುತ್ತದೆ. ನೋವು ತೀರಾ ಜೋರಾಗಿದ್ದರೆ ಒಂದೆರಡು ದಿನ ಭಾರದ ಕೆಲಸ ಬಿಟ್ಟು, ಮನೆಯೊಳಗಾದರೂ ಅಡ್ಡಾಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು. ಹೊಸದಾಗಿ ಹಿಡಿದ ನೋವು ಹೆಚ್ಚಿನವರಿಗೆ ಆರು ವಾರದೊಳಗೆ ಇಳಿಯುತ್ತದೆ.

ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಜೊತೆಗೆ ಜ್ವರ, ತೂಕ ಇಳಿತ, ರಾತ್ರಿ ಬೆವರು ಇದ್ದರೆ ಬೆನ್ನುಮೂಳೆಯ ಕ್ಷಯವೂ ಆಗಿರಬಹುದು, ಆರು ವಾರ ಕಾಯಬಾರದು. ವಯಸ್ಸಾದವರು ಬಿದ್ದ ಮೇಲೆ ನೋವು ಬಂದಿದ್ದರೂ ಅಷ್ಟೇ. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಶಾಖ, ಎಣ್ಣೆ ಎಲ್ಲ ಬಿಟ್ಟು ಮಂಡ್ಯದ ಮಿಮ್ಸ್‌ಗೋ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೋ ಹೊರಡಿ. ಆಗ ರಾತ್ರಿಯಾಗಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ.